ಕನ್ನಡ ಪ್ರೋಗ್ರಾಮಿಂಗ್ ಭಾಷೆಗೆ ಬಂದ ಟೀಕೆ: ‘ಇದ್ರ’ ತೆಗೆದು ‘ಇದ್ದಲ್ಲಿ’ ಮಾಡಬೇಕಾ?

ತೊಗರಿ_ಹೊಲ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ಮೂರು ವರ್ಷದಿಂದ ನಾನು ಮತ್ತು ಒಬ್ಬ ಗೆಳೆಯ ಸೇರಿ ಮಕ್ಕಳಿಗಾಗಿ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಮಾಡುತ್ತಿದ್ದೇವೆ. ಪೂರ್ತಿ ಕನ್ನಡದ್ದು, ಓಪನ್ ಸೋರ್ಸ್. ಜೇವರ್ಗಿ ಕಡೆ ಎರಡು ಶಾಲೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳು ಇದರಲ್ಲಿ ಬರೆಯುತ್ತಾರೆ. ಹೀಗಿರುತ್ತೆ:

ಮಳೆ = 60
ಮಳೆ > 50 ಇದ್ರ
    ಹೇಳು "ತೊಗರಿ ಬಿತ್ತು"
ಇಲ್ಲಾಂದ್ರ
    ಹೇಳು "ಇನ್ನೂ ತಡಿ"

ಈ ಪದಗಳನ್ನು ಬೇಕು ಅಂತಲೇ ಇಟ್ಟಿದ್ದು. ಮೊದಲ ದಿನ ಬೋರ್ಡ್ ಮೇಲೆ ‘ಇದ್ದಲ್ಲಿ’, ‘ಅನ್ಯಥಾ’ ಅಂತ ಬರೆದಿದ್ದೆ. ಒಬ್ಬ ಹುಡುಗಿ ಎದ್ದು ನಿಂತು ‘ಸರ್, ಇಲ್ಲಾಂದ್ರ ಅಂತ ಬರದ್ರ ನಡಿಯಂಗಿಲ್ಲೇನ್ರಿ’ ಅಂತ ಕೇಳಿದಳು. ಅವತ್ತು ರಾತ್ರಿಯೇ ಬದಲಿಸಿದೆ.

ಈಗ ಎರಡು ಕಷ್ಟ ಒಟ್ಟಿಗೆ ಬಂದಿವೆ. ಹದಿನೈದು ದಿನದ ಹಿಂದೆ ಒಬ್ಬರು ನಮ್ಮ ಭಾಷೆ ಬಗ್ಗೆ ಉದ್ದದ ಟೀಕೆ ಬರೆದರು. ವ್ಯಾಕರಣದ ದಾಖಲೆ ಇಲ್ಲ, ಒಂದೇ ಪ್ರೋಗ್ರಾಂ ಎರಡು ಕಡೆ ಎರಡು ಉತ್ತರ ಕೊಡುತ್ತೆ, ಹಳ್ಳಿ ಮಾತು ಕಲಿಸಿ ಮಕ್ಕಳನ್ನ ಹಾಳು ಮಾಡ್ತಿದ್ದಾರೆ, ಮಾಡಿದವರಿಗೆ ಕನ್ನಡವೂ ಬರಲ್ಲ ಕಂಪೈಲರೂ (ಬರೆದ ಕೋಡನ್ನ ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ತಂತ್ರಾಂಶ) ಬರಲ್ಲ, ಹೀಗೆ. ಅದು ತುಂಬಾ ಕಡೆ ಹರಿದಾಡಿತು. ಗೆಳೆಯ ಮೂರು ರಾತ್ರಿ ಕೂತು ಒಬ್ಬೊಬ್ಬರಿಗೂ ಉತ್ತರ ಬರೆದ. ನಾಲ್ಕನೇ ದಿನ ರೆಪೊದಿಂದ (ಕೋಡ್ ಇಟ್ಟಿರುವ ಜಾಗ) ತನ್ನ ಹೆಸರು ತೆಗೆದ. ಈಗ ಫೋನ್ ಕೂಡ ಎತ್ತುತ್ತಿಲ್ಲ.

ಎರಡನೇದು, ಒಂದು ಸಂಸ್ಥೆಯವರು ಅರವತ್ತು ಶಾಲೆಗೆ ಇದನ್ನ ತಗೊಳ್ತೇವೆ ಅಂದಿದ್ದಾರೆ. ಷರತ್ತು ಏನಂದ್ರೆ ಎಲ್ಲ ಪದ ಪಠ್ಯಪುಸ್ತಕದ ಕನ್ನಡಕ್ಕೆ ಬದಲಾಗಬೇಕು, ಮೂರು ತಿಂಗಳಲ್ಲಿ ಮಾನಕ ದಾಖಲೆ ಬರೆದು ಕೊಡಬೇಕು, ಆಮೇಲೆ ಐದು ವರ್ಷ ಭಾಷೆಯನ್ನ ಮುಟ್ಟಬಾರದು.

ನನಗೆ ಅರವತ್ತು ಶಾಲೆ ಬೇಕು, ನಿಜವಾಗಿಯೂ ಬೇಕು. ಆದರೆ ಆ ಹುಡುಗಿಗೆ ಏನು ಹೇಳಲಿ? ಟೀಕೆಗೆ ಉತ್ತರ ಕೊಡಲಾ, ಸುಮ್ನಿರಲಾ?

ಶಹಾಪುರದವ

‘ಇದ್ರ’ ತೆಗೀಬೇಡಿ ಅಣ್ಣಾ. ಕೈ ಮುಗಿದು ಕೇಳ್ತೀನಿ.

ಸೇಡಂ_ರೋಡ್

ಉತ್ತರವೇ ಕೊಡಬೇಡಿ. ಬಯ್ಯುವವರು ಬಯ್ಯಲಿ, ನೀವು ಕೋಡ್ ಬರೀರಿ. ಪೈಥಾನ್ ಭಾಷೆ ಮಾಡಿದ ಗೀಡೋ ಕೂಡ ಪೈಥಾನ್ 3 ಜಗಳದಲ್ಲಿ ಬೇಸತ್ತೇ ಬಿಟ್ಟು ಹೋಗಿದ್ದು.

ಹುಮನಾಬಾದ್_ಹುಡುಗಿ (ಈಗ ಬೆಂಗಳೂರು)

ಅದು ತಪ್ಪು. ಪೈಥಾನ್ 3 ಬಂದಿದ್ದು 2008ರಲ್ಲಿ, ಗೀಡೋ ವಾನ್ ರಾಸಮ್ ಮುಖ್ಯಸ್ಥನ ಜಾಗ ಬಿಟ್ಟಿದ್ದು 2018ರ ಜುಲೈಯಲ್ಲಿ. ಕಾರಣ ಪೆಪ್ 572 (ಪೆಪ್ ಅಂದರೆ ಪೈಥಾನ್ ಬದಲಿಸಲು ಇಡುವ ಪ್ರಸ್ತಾವನೆ), ಅದರಲ್ಲಿದ್ದಿದ್ದು ‘:=’ ಅನ್ನುವ ಒಂದು ಚಿಹ್ನೆ. ಅಷ್ಟು ಸಣ್ಣದಕ್ಕೆ ನಡೆದ ಜಗಳ ಅದು. ಪ್ರಸ್ತಾವನೆ ಒಪ್ಪಿಗೆಯಾದ ಮೇಲೆ, ಒಂದು ಪೆಪ್‌ಗೋಸ್ಕರ ಇನ್ನು ಮುಂದೆ ಇಷ್ಟು ಹೋರಾಡುವ ಮನಸ್ಸಿಲ್ಲ ಅಂತ ಹೇಳಿ ಹಿಂದೆ ಸರಿದರು. ಚಿಹ್ನೆ 2019ರಲ್ಲಿ ಪೈಥಾನ್ 3.8ರ ಜೊತೆ ಬಂತು, ಇವತ್ತೂ ಬಳಕೆಯಲ್ಲಿದೆ.

ಆಮೇಲೆ ಏನಾಯ್ತು ಅನ್ನೋದು ನಿಮಗೆ ಮುಖ್ಯ. ಆ ಜಾಗಕ್ಕೆ ಇನ್ನೊಬ್ಬ ಒಡೆಯನನ್ನ ಕೂರಿಸಲಿಲ್ಲ. ಐದು ಜನರ ಸಮಿತಿ ಮಾಡಿದರು, ಭಾಷೆ ಕಟ್ಟುವವರೇ ಓಟು ಹಾಕಿ ಆರಿಸುತ್ತಾರೆ. ನಿಮ್ಮ ಗೆಳೆಯ ಮೂರು ರಾತ್ರಿ ಒಬ್ಬನೇ ಕೂತು ಎಲ್ಲರಿಗೂ ಉತ್ತರ ಬರೆದರಲ್ಲ, ನನಗೆ ಓದಿ ಹೊಟ್ಟೆ ಚುರ್ ಅಂತು. ಅದು ಒಬ್ಬರು ಹೊರುವ ಭಾರ ಅಲ್ಲ.

ಸೇಡಂ_ರೋಡ್

ಸರಿ, ವರ್ಷ ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದರೂ ನನ್ನ ಮಾತು ಅದೇ. ಉತ್ತರ ಕೊಟ್ಟಷ್ಟೂ ಉರಿ ಜಾಸ್ತಿ.

ಹಳೇ_ಸಿ_ಮೇಷ್ಟ್ರು

ನಾನು ಸಿ ಕಲಿಸಿ ರಿಟೈರ್ ಆದವನು. ಮಾನಕದ ವಿಷಯ ಬಂತಲ್ಲ, ಅದಕ್ಕೆ ಬರೀತಿದ್ದೇನೆ.

ಸಿ ಭಾಷೆ ಹುಟ್ಟಿದ್ದು 1972ರ ಸುಮಾರಿಗೆ. 1978ರಲ್ಲಿ ಕೆರ್ನಿಘನ್ ಮತ್ತು ರಿಚಿ ಪುಸ್ತಕ ಬರೆದರು. ಆಮೇಲೆ ಎಷ್ಟೋ ವರ್ಷ ಆ ಪುಸ್ತಕವೇ ಮಾನಕ. ಅಮೆರಿಕದ ಸಮಿತಿ ಕೂತಿದ್ದು 1983ರಲ್ಲಿ, ಮಾನಕ ಹೊರಬಂದಿದ್ದು 1989ರಲ್ಲಿ, ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಒಪ್ಪಿದ್ದು 1990ರಲ್ಲಿ. ಸಮಿತಿಯೊಂದೇ ಆರು ವರ್ಷ ತಗೊಂಡಿತು. ಅವರು ಕೂತು ಹೊಸ ಭಾಷೆ ಮಾಡಲಿಲ್ಲ. ಆಗಲೇ ಬೇರೆ ಬೇರೆ ಕಂಪನಿಯ ಕಂಪೈಲರ್‌ಗಳು ಇದ್ದವು, ಜನ ಬರೆದ ಕೋಡ್ ರಾಶಿ ಇತ್ತು. ಅದರಲ್ಲಿ ಯಾವುದು ಎಲ್ಲ ಕಡೆ ಒಂದೇ ಥರ ನಡೆಯಬೇಕು ಅಂತ ನೋಡಿ ಬರೆದರು. ಎಲ್ಲಿ ಒಪ್ಪಿಗೆ ಆಗಲಿಲ್ಲವೋ ಅಲ್ಲಿ ‘ಇದು ಕಂಪೈಲರ್ ಮಾಡುವವರಿಗೆ ಬಿಟ್ಟಿದ್ದು’ ಅಂತ ಬರೆದೇ ಬಿಟ್ಟರು.

ಎರಡು ಶಾಲೆಯಲ್ಲಿ ಓಡುವ ಭಾಷೆಗೆ ಮೂರು ತಿಂಗಳಲ್ಲಿ ಬೀಗ ಹಾಕು ಅನ್ನೋದು ಬೆಳೆ ಬರುವ ಮುಂಚೆ ರಾಶಿ ಮಾಡು ಅಂದ ಹಾಗೆ. ಒಪ್ಪಬೇಡಿ.

ಹುಮನಾಬಾದ್_ಹುಡುಗಿ

ಮೇಷ್ಟ್ರೇ, ಬೀಗದ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಟೀಕೆ ಮಾಡಿದವರು ಹೇಳಿದ್ದರಲ್ಲಿ ಒಂದು ಮಾತು ಗಟ್ಟಿ ಇದೆ, ಅದನ್ನ ಯಾರೂ ಮುಟ್ತಿಲ್ಲ. ‘ಒಂದೇ ಪ್ರೋಗ್ರಾಂ ಎರಡು ಕಡೆ ಎರಡು ಉತ್ತರ’. ತೊಗರಿ ಹೊಲ ಅವರೇ, ಇದು ನಿಜವಾ?

ತೊಗರಿ_ಹೊಲ

ನಿಜ. ಲ್ಯಾಪ್‌ಟಾಪ್‌ನಲ್ಲಿ ಓಡೋದನ್ನ ಸಿ ಭಾಷೆಯಲ್ಲಿ ಬರೆದಿದ್ದೇವೆ, ಮೊಬೈಲ್ ಬ್ರೌಸರ್‌ದು ಜಾವಾಸ್ಕ್ರಿಪ್ಟ್. ‘ಹೇಳು 7 / 2’ ಅಂದರೆ ಲ್ಯಾಪ್‌ಟಾಪ್ 3 ಅನ್ನುತ್ತೆ, ಮೊಬೈಲ್ 3.5 ಅನ್ನುತ್ತೆ. ಏಳು ಚೀಲ ತೊಗರಿ ಇಬ್ಬರಿಗೆ ಹಂಚುವ ಲೆಕ್ಕದಲ್ಲಿ ಮಕ್ಕಳೇ ಹಿಡಿದರು. ಇಶ್ಯೂ (ದೋಷದ ದೂರು) ಎಂಟು ತಿಂಗಳಿಂದ ಹಾಗೇ ಬಿದ್ದಿದೆ. ತಪ್ಪು ನಮ್ಮದೇ.

ಹುಮನಾಬಾದ್_ಹುಡುಗಿ

ಹಾಗಾದ್ರೆ ಅದನ್ನ ಮೊದಲು ಒಪ್ಪಿಕೊಳ್ಳಿ, ಎಲ್ಲರೆದುರು. ಇದು ಪೈಥಾನ್‌ಗೂ ಆದ ಗಾಯ. ಪೈಥಾನ್ 2ರಲ್ಲಿ 7/2 ಅಂದರೆ 3, ಪೈಥಾನ್ 3ರಲ್ಲಿ 3.5. ಇಂಥವೆಲ್ಲ ಸೇರಿ ಜನರನ್ನ 2ರಿಂದ 3ಕ್ಕೆ ತರೋದಕ್ಕೆ 2008ರಿಂದ 2020ರವರೆಗೆ ಹಿಡೀತು. ನಿಮಗೆ ಈಗ ಎರಡೇ ಶಾಲೆ. ಈಗ ಸರಿ ಮಾಡಿದರೆ ಒಂದು ಮಧ್ಯಾಹ್ನದ ಕೆಲಸ.

ಭೀಮಾ_ದಂಡೆ (ಯಾದಗಿರಿ)

ಇದಕ್ಕೆ ಸರಿಯಾದ ಒಂದು ಕತೆ ಇದೆ. ಕೋಡ್ ಫೈಲ್‌ಗಳಿಂದ ಪ್ರೋಗ್ರಾಂ ಕಟ್ಟುವ ‘ಮೇಕ್’ ಅನ್ನೋ ಉಪಕರಣ 1976ರದ್ದು, ಮಾಡಿದವರು ಸ್ಟುವರ್ಟ್ ಫೆಲ್ಡ್‌ಮನ್. ಅದರಲ್ಲಿ ಆಜ್ಞೆಯ ಸಾಲಿನ ಮೊದಲು ಟ್ಯಾಬ್ ಒತ್ತಲೇಬೇಕು, ಸ್ಪೇಸ್ ಹಾಕಿದರೆ ನಡೆಯಲ್ಲ. ಅದು ಸರಿ ಇಲ್ಲ ಅಂತ ಅವರಿಗೂ ಬೇಗನೇ ಗೊತ್ತಾಯಿತು. ಆದರೆ ಆಗಲೇ ಹತ್ತು ಹನ್ನೆರಡು ಜನ ಬಳಸ್ತಿದ್ದರು, ಅವರಿಗೆ ತೊಂದರೆ ಆಗಬಾರದು ಅಂತ ಬಿಟ್ಟರು. ಹತ್ತು ಹನ್ನೆರಡು ಜನ! ಇವತ್ತಿಗೂ ಪ್ರಪಂಚದ ಪ್ರೋಗ್ರಾಮರ್‌ಗಳು ಆ ಟ್ಯಾಬ್‌ಗೆ ತಲೆ ಚಚ್ಚಿಕೊಳ್ತಿದ್ದಾರೆ. ಎರಡು ಶಾಲೆ ಅಂತ ಯೋಚಿಸಬೇಡಿ, ಇವತ್ತೇ ಬದಲಿಸಿ.

ಶಹಾಪುರದವ

ಭಾಗಾಕಾರ ಬದಲಿಸಲಿ. ‘ಇದ್ರ’ ಯಾಕೆ?

ಕನ್ನಡ_ಕಾವಲು

ನಾನು ಬೇರೆ ಮಾತು ಹೇಳ್ತೇನೆ, ಬೇಜಾರಾಗಬೇಡಿ. ಈ ಮಕ್ಕಳು ನಾಳೆ ಪರೀಕ್ಷೆಯಲ್ಲಿ ‘ಇದ್ರ’ ಅಂತ ಬರೆದರೆ ಮಾರ್ಕ್ಸ್ ಹೋಗುತ್ತೆ. ಮಂಡ್ಯದ ಮಗು, ಮಂಗಳೂರಿನ ಮಗು ಈ ಕೋಡ್ ಓದಬೇಕಲ್ವಾ? ಒಂದು ಭಾಷೆ ಎಲ್ಲರಿಗೂ ಸೇರಬೇಕಾದರೆ ಎಲ್ಲರಿಗೂ ಗೊತ್ತಿರುವ ಪದ ಇರಬೇಕು. ಆ ಸಂಸ್ಥೆಯವರು ಕೇಳಿದ್ದರಲ್ಲಿ ತಪ್ಪೇನಿದೆ?

ಶಹಾಪುರದವ

ಎಲ್ಲರಿಗೂ ಗೊತ್ತಿರುವ ಪದ ‘ಅನ್ಯಥಾ’ ನಾ? ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ನಾನು ಹತ್ತನೇ ಕ್ಲಾಸ್‌ವರೆಗೆ ಶಾಲೆಯಲ್ಲಿ ಬಾಯಿ ಬಿಡ್ತಿರಲಿಲ್ಲ. ನಾನು ಮಾತಾಡಿದರೆ ತಪ್ಪು ಕನ್ನಡ ಅಂತ ತಿದ್ದುತ್ತಿದ್ದರು. ಆ ಹುಡುಗಿ ಎದ್ದು ನಿಂತು ಕೇಳಿದ್ದಾಳೆ ಅಂದರೆ ಅದೇ ದೊಡ್ಡದು. ಅವಳ ಪದವನ್ನ ಕಂಪ್ಯೂಟರ್ ಒಪ್ಪಿಕೊಂಡು ಕೆಲಸ ಮಾಡಿತು. ಅದನ್ನ ವಾಪಸ್ ಕಿತ್ತುಕೊಳ್ಳೋದು ಬೇಡ.

ಕನ್ನಡ_ಕಾವಲು

ನಿಮ್ಮ ನೋವು ಅರ್ಥ ಆಗುತ್ತೆ. ‘ಅನ್ಯಥಾ’ ನನಗೂ ಬೇಡ. ‘ಇಲ್ಲದಿದ್ದರೆ’ ಇಡಬಹುದಲ್ವಾ?

ಆಳಂದ_ಅಕ್ಕ

ಎರಡೂ ಇರಲಿ ಬಿಡಿ. ಇದು ಹೊಸ ವಿಷಯವೇ ಅಲ್ಲ. ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಸ್ಕ್ರ್ಯಾಚ್‌ನಲ್ಲಿ ಒಂದೇ ಪ್ರಾಜೆಕ್ಟನ್ನ ನೋಡುವವರು ತಮ್ಮ ಭಾಷೆಗೆ ಬದಲಿಸಿಕೊಂಡು ನೋಡ್ತಾರೆ, ಒಳಗೆ ಇರೋದು ಒಂದೇ. ಹೆಡಿ ಅಂತ 2020ರಲ್ಲಿ ಬಂದ ಭಾಷೆಯಲ್ಲೂ ಮಕ್ಕಳು ತಮ್ಮ ಭಾಷೆಯ ಪದದಲ್ಲೇ ಬರೀತಾರೆ. ಇನ್ನೂ ಹಿಂದಕ್ಕೆ ಹೋದರೆ ಆಲ್ಗಾಲ್ 68 ಅನ್ನೋ ಹಳೇ ಭಾಷೆ. ಅದನ್ನ ರಷ್ಯನ್ ಪದಗಳಲ್ಲಿ ಬರೆಯಬಹುದಿತ್ತು, ಸೋವಿಯತ್ ಸರ್ಕಾರದ ಮಾನಕವೇ ಇತ್ತು, ಗೋಸ್ಟ್ 27974-88. ಅಂದರೆ ಮಾನಕ ಅಂದ ಕೂಡಲೇ ಎಲ್ಲರೂ ಒಂದೇ ಪದ ಬರೀಬೇಕು ಅಂತ ಏನಿಲ್ಲ. ‘ಇದ್ರ’ ಬರೆದರೂ ‘ಇದ್ದರೆ’ ಬರೆದರೂ ಒಳಗೆ ಒಂದೇ ಮರ (ಕೋಡ್ ಓದಿ ಕಂಪ್ಯೂಟರ್ ಕಟ್ಟಿಕೊಳ್ಳುವ ರಚನೆ) ಆಗಬೇಕು, ಅಷ್ಟೇ.

ಸೇಡಂ_ರೋಡ್

ಅಕ್ಕ, ಎರಡು ಇಟ್ಟರೆ ನಾಳೆ ಧಾರವಾಡದವರು ಮೂರನೇದು ಕೇಳ್ತಾರೆ, ಕುಂದಾಪುರದವರು ನಾಲ್ಕನೇದು. ಒಬ್ಬರ ಕೋಡ್ ಇನ್ನೊಬ್ಬರಿಗೆ ಓದೋಕೆ ಬರಲ್ಲ.

ಆಳಂದ_ಅಕ್ಕ

ಕೇಳಲಿ. ಫಾರ್ಮ್ಯಾಟರ್ ಒಂದು ಬರೆದರೆ ಒಂದು ಬಟನ್ ಒತ್ತಿ ಬದಲಿಸಿಕೊಂಡು ಓದಬಹುದು.

ಆದರೆ ನಾನು ಬಂದಿದ್ದು ಇದಕ್ಕಲ್ಲ. ನಮ್ಮ ಶಾಲೆಯಲ್ಲಿ ಈ ಭಾಷೆ ಹಾಕಿ ನೋಡಿದೆ. ಒಬ್ಬ ಹುಡುಗ ‘ಹೇಳು "ನಮಸ್ಕಾರ"’ ಅಂತ ಬರೆದ. ಕಂಪ್ಯೂಟರ್ ‘ಹೇಳು ಅನ್ನುವ ಪದ ಗೊತ್ತಿಲ್ಲ’ ಅಂತು. ಪಕ್ಕದ ಸಿಸ್ಟಂನಲ್ಲಿ ಅದೇ ಸಾಲು ಓಡಿತು. ಕಣ್ಣಿಗೆ ಎರಡೂ ಒಂದೇ. ಅರ್ಧ ಗಂಟೆ ಒದ್ದಾಡಿದೆವು, ಹುಡುಗ ಅಳೋದೊಂದು ಬಾಕಿ. ಕೊನೆಗೆ ಆ ಪದವೊಂದನ್ನೇ ಬೇರೆ ಫೈಲ್‌ಗೆ ಹಾಕಿ ಸೈಜ್ ನೋಡಿದೆ. ಒಂದು 12 ಬೈಟ್, ಇನ್ನೊಂದು 15 ಬೈಟ್.

ಭೀಮಾ_ದಂಡೆ

ಏತ್ವ!

ಆಳಂದ_ಅಕ್ಕ

ಹೌದು. ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ಹೇ’ಯ ಏತ್ವವನ್ನ ಒಂದೇ ಅಕ್ಷರವಾಗಿ ಇಡಬಹುದು, ಇಲ್ಲವೇ ಎತ್ವ ಕೊಟ್ಟು ಅದರ ಮುಂದೆ ದೀರ್ಘದ ಗುರುತು ಬೇರೆ ಹಾಕಬಹುದು. ಕಾಣೋದು ಒಂದೇ ಥರ. ಒಂದು ಕೀಬೋರ್ಡ್ ಹಾಗೆ ಟೈಪ್ ಮಾಡುತ್ತೆ, ಇನ್ನೊಂದು ಹೀಗೆ. ‘ೋ’ ಆದರೆ ಮೂರು ತುಂಡಾಗುತ್ತೆ. ಇದಕ್ಕೆ ಮದ್ದು ಇದೆ. ಫೈಲ್ ಓದುವಾಗಲೇ ಎಲ್ಲವನ್ನ ಜೋಡಿಸಿದ ಒಂದೇ ರೂಪಕ್ಕೆ, ಅಂದರೆ ಎನ್‌ಎಫ್‌ಸಿ ರೂಪಕ್ಕೆ ತಂದುಬಿಟ್ಟರೆ ಎರಡೂ ಒಂದೇ ಆಗುತ್ತೆ. ನಿಮ್ಮ ಭಾಷೆ ಅದನ್ನ ಮಾಡ್ತಿಲ್ಲ. ಮಾಡಬೇಕು ಅಂತ ಎಲ್ಲೂ ಬರೆದೂ ಇಲ್ಲ. ಟೀಕೆ ಮಾಡಿದವರು ‘ದಾಖಲೆ ಇಲ್ಲ’ ಅಂದಿದ್ದು ಒರಟಾಗಿತ್ತು, ಒಪ್ಪುತ್ತೇನೆ. ಆದರೆ ಆ ಹುಡುಗನ ಮುಖ ನೋಡಿದ ಮೇಲೆ ನನಗೂ ಅದೇ ಅನ್ನಿಸಿತು.

ಹುಮನಾಬಾದ್_ಹುಡುಗಿ

ಇದು ಬಹಳ ಒಳ್ಳೆ ಉದಾಹರಣೆ ಅಕ್ಕ. ಪೈಥಾನ್ ಇದನ್ನ ಪೆಪ್ 3131ರಲ್ಲೇ ಬರೆದಿಟ್ಟಿದೆ, ಹೆಸರುಗಳನ್ನೆಲ್ಲ ಅಂಥದ್ದೇ ಆದ ಎನ್‌ಎಫ್‌ಕೆಸಿ ರೂಪಕ್ಕೆ ತರುತ್ತೆ. ಅದೇ ಪೆಪ್‌ನಿಂದ ಪೈಥಾನ್‌ನಲ್ಲಿ ಕನ್ನಡದಲ್ಲಿ ವೇರಿಯಬಲ್ ಹೆಸರು ಇಟ್ಟರೆ ನಡೆಯುತ್ತೆ. ಗೋ ಭಾಷೆಯ ಸ್ಪೆಕ್ (ನಿಯಮಗಳ ದಾಖಲೆ) ಉಲ್ಟಾ, ನಾವು ಹಾಗೆಲ್ಲ ಒಂದು ರೂಪಕ್ಕೆ ತರಲ್ಲ ಅಂತ ಬರೆದಿದೆ. ಹೆಸರಲ್ಲಿ ಅಕ್ಷರ ಮತ್ತು ಅಂಕಿ ಮಾತ್ರ ಇರಬಹುದು ಅಂತಲೂ ಬರೆದಿದೆ, ಕಾಗುಣಿತದ ಗುರುತುಗಳು ಅದರ ಲೆಕ್ಕದಲ್ಲಿ ಅಕ್ಷರ ಅಲ್ಲ. ಹಾಗಾಗಿ ಗೋದಲ್ಲಿ ‘ಮಳೆ’ ಅಂತ ವೇರಿಯಬಲ್ ಇಡೋಕೆ ಆಗಲ್ಲ. ನನಗೆ ಇದರ ಮೇಲೆ ಸಿಟ್ಟಿದೆ. ಆದರೂ ಬರೆದಿಟ್ಟಿದ್ದಾರೆ, ಹಾಗಾಗಿ ಏನು ತಪ್ಪಾಗಿದೆ ಅಂತ ಬೆರಳು ಇಟ್ಟು ತೋರಿಸಬಹುದು. ನಿಮ್ಮದರಲ್ಲಿ ಬೆರಳು ಇಡೋಕೂ ಜಾಗ ಇಲ್ಲ.

ಬಿದ್ರಿ_ಕುಸುರಿ (ಬೀದರ್)

ನಮ್ಮ ಮನೆ ಕಸುಬು ಬಿದ್ರಿ. ನಾನೊಬ್ಬ ಕಂಪ್ಯೂಟರ್ ಕಡೆ ಬಂದೆ. ಈ ಮಾತುಕತೆ ಓದ್ತಾ ಅಪ್ಪನ ಕೆಲಸವೇ ಕಣ್ಮುಂದೆ ಬಂತು.

ಬಿದ್ರಿಗೆ ಸತುವು ಮತ್ತು ತಾಮ್ರದ ಎರಕ, ಸತುವೇ ಬಹಳ ಜಾಸ್ತಿ. ಅದರ ಮೇಲೆ ಉಳಿಯಿಂದ ಗೆರೆ ಕೊರೆದು ಬೆಳ್ಳಿ ಕೂರಿಸ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಹಾಕಿದ ನೀರಲ್ಲಿ ಕಾಯಿಸಿದರೆ ಎರಕ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಅಪ್ಪ ಮಣ್ಣನ್ನ ಒಂಚೂರು ನಾಲಿಗೆ ಮೇಲೆ ಇಟ್ಟುಕೊಂಡು ನೋಡಿಯೇ ಆಗುತ್ತೆ, ಆಗಲ್ಲ ಅಂತಾರೆ. ಎರಕದಲ್ಲಿ, ಮಣ್ಣಿನಲ್ಲಿ ಯಾರೂ ಆಟ ಆಡಲ್ಲ. ಅದು ತಪ್ಪಿದರೆ ಕಪ್ಪೇ ಬರಲ್ಲ. ಆದರೆ ಮೇಲಿನ ಹೂ ಬಳ್ಳಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. 2006ರಲ್ಲಿ ಬಿದ್ರಿಗೆ ಜಿಐ (ಭೌಗೋಳಿಕ ಸೂಚಕ) ಗುರುತು ಬಂದ ಮೇಲೂ ಯಾರೂ ಬಂದು ಇಂಥದ್ದೇ ಹೂ ಬಿಡಿಸು ಅಂತ ಅಪ್ಪನಿಗೆ ಹೇಳಿಲ್ಲ.

ನಿಮ್ಮ ಭಾಷೆಯಲ್ಲಿ 7/2 ಎಷ್ಟು, ಏತ್ವ ಹೇಗೆ, ಇವು ಎರಕ. ‘ಇದ್ರ’ನಾ ‘ಇದ್ದರೆ’ನಾ ಅನ್ನೋದು ಹೂ. ಆ ಸಂಸ್ಥೆಯವರು ಎರಕದ ಬಗ್ಗೆ ಒಂದು ಮಾತೂ ಕೇಳಿಲ್ಲ, ಹೂ ಬದಲಿಸು ಅಂತಿದ್ದಾರೆ.

ಹಳೇ_ಸಿ_ಮೇಷ್ಟ್ರು

ತಮ್ಮಾ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳು. ನಮ್ಮನೆಯಲ್ಲಿ 1981ರ ಮದುವೆಗೆ ಬಂದ ಬಿದ್ರಿ ಹೂದಾನಿ ಇದೆ, ಈಗಲೂ ಕಪ್ಪು ಹಾಗೇ ಇದೆ.

ಸೇಡಂ_ರೋಡ್

ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸ್ತಾರಲ್ವಾ? ನಮ್ಮವ್ವ ಹಾಗೆ ಮಾಡ್ತಾಳೆ.

ಬಿದ್ರಿ_ಕುಸುರಿ

ಹೌದು ಸರ್, ಹುಣಸೆಹಣ್ಣು ಮಾತ್ರ ಮುಟ್ಟಿಸಬೇಡಿ.

ಕನ್ನಡ_ಕಾವಲು

ವಿಷಯಕ್ಕೆ ಬನ್ನಿ. ಐಎಸ್‌ಒ ಮಾನಕ ಇದ್ದರೆ ಸರ್ಕಾರಿ ಶಾಲೆಗೆ ಹೋಗೋದು ಸುಲಭ ಅಂತ ಆ ಸಂಸ್ಥೆ ಯೋಚಿಸಿರಬಹುದು. ಅದು ದುರುದ್ದೇಶ ಅಂತ ನನಗನ್ನಿಸಲ್ಲ.

ಹುಮನಾಬಾದ್_ಹುಡುಗಿ

ದುರುದ್ದೇಶ ಅಂತ ನಾನೂ ಹೇಳ್ತಿಲ್ಲ. ಆದರೆ ರೂಬಿ ಭಾಷೆಯನ್ನ ನೋಡಿ. 1995ರಲ್ಲಿ ಹೊರಬಂತು. 2011ರಲ್ಲಿ ಜಪಾನಿನ ಮಾನಕ ಆಯ್ತು, 2012ರಲ್ಲಿ ಐಎಸ್‌ಒ 30170. ಮರುವರ್ಷವೇ ರೂಬಿ 2.0 ಬಂತು, ಭಾಷೆ ಮುಂದಕ್ಕೆ ಹೋಯ್ತು, ಮಾನಕ ಅಲ್ಲೇ ನಿಂತಿದೆ. ಪೈಥಾನ್‌ಗೆ ಇವತ್ತಿಗೂ ಐಎಸ್‌ಒ ಮಾನಕ ಇಲ್ಲ, ಆದರೂ ಶಾಲೆ ಶಾಲೆಯಲ್ಲಿ ಕಲಿಸ್ತಾರೆ. ಕೆಲಸಕ್ಕೆ ಬರೋದು ಟೆಸ್ಟ್‌ಗಳ ಗಂಟು. ಈ ಪ್ರೋಗ್ರಾಂಗೆ ಈ ಉತ್ತರ ಬರಲೇಬೇಕು ಅಂತ ಇನ್ನೂರು ಸಣ್ಣ ಫೈಲ್ ಬರೆದಿಡಿ. ಲ್ಯಾಪ್‌ಟಾಪ್‌ದೂ ಮೊಬೈಲ್‌ದೂ ಎರಡೂ ಪಾಸ್ ಆಗಬೇಕು. ಮಕ್ಕಳೇ ಬರೆದ ಪ್ರೋಗ್ರಾಂಗಳನ್ನೇ ಟೆಸ್ಟ್ ಮಾಡಿ. ಮೇಷ್ಟ್ರು ಹೇಳಿದ ಸಿ ಸಮಿತಿ ಮಾಡಿದ್ದೂ ಇದನ್ನೇ ಅಲ್ವಾ, ಜನ ಆಗಲೇ ಬರೆಯೋದನ್ನ ನೋಡಿ ದಾಖಲೆ ಮಾಡೋದು.

ಐದು ವರ್ಷ ಮುಟ್ಟಬಾರದು ಅನ್ನೋದಕ್ಕೂ ದಾರಿ ಇದೆ. ಪ್ರೋಗ್ರಾಮಿಂಗ್ ಭಾಷೆ ರಸ್ಟ್‌ನಲ್ಲಿ ಎಡಿಷನ್ ಅಂತ ಮಾಡ್ತಾರೆ, 2015, 2018, 2021, 2024. 2018ರಲ್ಲಿ ‘ಅಸಿಂಕ್’ ಕೀವರ್ಡ್ (ಭಾಷೆ ತನಗೇ ಕಾದಿಟ್ಟ ಪದ) ಆಯ್ತು, ಆದರೆ 2015 ಅಂತ ಬರೆದುಕೊಂಡ ಹಳೇ ಕೋಡ್‌ನಲ್ಲಿ ಅದು ಮಾಮೂಲಿ ಹೆಸರೇ. ನೀವೂ ಫೈಲಿನ ಮೊದಲ ಸಾಲಲ್ಲಿ ಆವೃತ್ತಿ ಬರೆಸಿ. ‘ಆವೃತ್ತಿ 1’ ಅಂತ ಬರೆದಿದ್ದು ಐದು ವರ್ಷವಲ್ಲ, ಹತ್ತು ವರ್ಷ ಆದರೂ ಹಾಗೇ ಓಡುತ್ತೆ ಅಂತ ಮಾತು ಕೊಡಿ. ಸಂಸ್ಥೆಗೆ ಬೇಕಿರೋದು ಆ ಭರವಸೆ.

ಭೀಮಾ_ದಂಡೆ

ಟೀಕೆಗೆ ಮಣಿದರೆ ಸೋತ ಹಾಗೆ ಅಂತ ಯಾರಾದರೂ ಅಂದುಕೊಂಡಿದ್ದರೆ ಗೋ ತಂಡವನ್ನ ನೋಡಿ. 2019ರ ಜೂನ್‌ನಲ್ಲಿ ದೋಷ ನಿಭಾಯಿಸುವ ಕೋಡನ್ನ ಚಿಕ್ಕದು ಮಾಡುವ ‘ಟ್ರೈ’ ಅನ್ನುವ ಪ್ರಸ್ತಾವನೆ ಇಟ್ಟರು. ಜನ ರಾಶಿ ರಾಶಿ ಬೇಡ ಅಂದರು. ಜುಲೈಯಲ್ಲಿ ವಾಪಸ್ ತಗೊಂಡರು, ಯಾಕೆ ಅಂತ ಕಾರಣ ಬರೆದು. ಜೆನೆರಿಕ್ಸ್ (ಒಂದೇ ಕೋಡ್ ಬೇರೆ ಬೇರೆ ಬಗೆಯ ಡೇಟಾಗೆ ನಡೆಯುವ ಸೌಲಭ್ಯ) ಬೇಕು ಅಂತ ಅದೇ ಜನ ವರ್ಷಗಟ್ಟಲೆ ಒತ್ತಾಯ ಮಾಡಿದರು, ಅದಕ್ಕೆ ಮಾತ್ರ ಅವಸರ ಮಾಡಲಿಲ್ಲ. ಸರಿಯಾದ ದಾರಿ ಸಿಕ್ಕ ಮೇಲೆ 2022ರಲ್ಲಿ ಕೊಟ್ಟರು.

ಸೇಡಂ_ರೋಡ್

ಸರಿ, ನನ್ನ ಮಾತು ವಾಪಸ್. ಉತ್ತರ ಕೊಡಿ. ಆದರೆ ಒಂದೇ ಸಲ, ಒಂದೇ ಕಡೆ. ಇನ್ನೂರು ಜನರ ಹಿಂದೆ ಓಡಬೇಡಿ.

ಆಳಂದ_ಅಕ್ಕ

ಮತ್ತು ರಾತ್ರಿ ಹನ್ನೊಂದಕ್ಕೆ ಬರೀಬೇಡಿ. ಬೆಳಿಗ್ಗೆ ಬರೆದು ಇನ್ನೊಬ್ಬರಿಗೆ ಓದಿಸಿ ಹಾಕಿ.

ತೊಗರಿ_ಹೊಲ

ಎಲ್ಲರಿಗೂ ಉತ್ತರಿಸೋಕೆ ಮೂರು ದಿನ ಬೇಕಾಯ್ತು, ಕ್ಷಮಿಸಿ. ಇಲ್ಲಿ ಬಿಸಿಲಿಗೆ ಮಧ್ಯಾಹ್ನ ಕರೆಂಟೂ ಇರಲ್ಲ, ತಲೆಯೂ ಓಡಲ್ಲ.

ಟೀಕೆ ಬರೆದವರಿಗೆ ಇವತ್ತು ಬೆಳಿಗ್ಗೆ ಒಂದು ಉತ್ತರ ಹಾಕಿದೆ. ಭಾಗಾಕಾರದ ಬಗ್ಗೆ ನೀವು ಹೇಳಿದ್ದು ಸರಿ, ಎಂಟು ತಿಂಗಳು ಬಿಟ್ಟಿದ್ದು ನಮ್ಮ ತಪ್ಪು, ಇನ್ನು ಎರಡೂ ಕಡೆ 3.5 ಬರುತ್ತೆ. ದಾಖಲೆ ಇಲ್ಲ ಅಂದಿದ್ದೂ ಸರಿ, ಬರೆಯೋಕೆ ಶುರು ಮಾಡಿದ್ದೇವೆ, ನೀವೂ ಓದಿ ತಿದ್ದಿ ಅಂತ ಕೇಳಿದೆ. ‘ಇದ್ರ’ ತಪ್ಪು ಕನ್ನಡ ಅನ್ನೋದನ್ನ ಮಾತ್ರ ನಾವು ಒಪ್ಪಲ್ಲ, ಅದು ಉಳಿಯುತ್ತೆ, ಅದರ ಪಕ್ಕ ‘ಇದ್ದರೆ’ಯೂ ನಡೆಯುತ್ತೆ ಅಂತ ಬರೆದೆ. ನನ್ನ ಗೆಳೆಯನ ಬಗ್ಗೆ ಬರೆದ ಸಾಲು ತೆಗೆಯಿರಿ ಅಂತಲೂ ಕೇಳಿದೆ. ಸಂಜೆ ಅವರು ಆ ಸಾಲು ತೆಗೆದಿದ್ದಾರೆ. ಬೇರೆ ಏನೂ ಹೇಳಿಲ್ಲ.

ಎನ್‌ಎಫ್‌ಸಿ ಕೆಲಸ ಮುಗೀತು, ಒಟ್ಟು ಹನ್ನೊಂದು ಸಾಲು. ಅಕ್ಕ, ನಿಮ್ಮ 15 ಬೈಟ್‌ನ ‘ಹೇಳು’ ನಮ್ಮ ಮೊದಲನೇ ಟೆಸ್ಟ್.

ಸಂಸ್ಥೆಯವರಿಗೆ ಆವೃತ್ತಿಯ ವಿಷಯ ಹೇಳಿ ಮೇಲ್ ಮಾಡಿದ್ದೇನೆ. ಪದ ಬದಲಿಸಲ್ಲ, ಎರಡೂ ಇರುತ್ತೆ ಅಂತ ಸ್ಪಷ್ಟವಾಗಿ ಬರೆದೆ. ಉತ್ತರ ಬಂದಿಲ್ಲ. ಅರವತ್ತು ಶಾಲೆ ಹೋದರೆ ಬಹಳ ಬೇಜಾರಾಗುತ್ತೆ, ಅದನ್ನ ಮುಚ್ಚಿಡಲ್ಲ.

ಗೆಳೆಯನ ಮನೆಗೆ ಭಾನುವಾರ ಹೋಗ್ತಿದ್ದೇನೆ, ಶಹಾಬಾದ್‌ಗೆ. ಕೋಡ್ ಮಾತು ಎತ್ತಲ್ಲ.

ಶಹಾಪುರದವ

ಅಣ್ಣಾ, ಅವರಿಗೆ ನಮ್ಮೆಲ್ಲರ ಪರವಾಗಿ ಒಂದು ಮಾತು ಹೇಳಿ. ಅವರು ಬರೆದ ಭಾಷೆಯಲ್ಲಿ ನಾನು ನನ್ನ ತಂಗಿಗೆ ಬಡ್ಡಿ ಲೆಕ್ಕ ಕಲಿಸಿದ್ದೇನೆ.

ಹುಮನಾಬಾದ್_ಹುಡುಗಿ

ಟೆಸ್ಟ್ ಬರೆಯೋಕೆ ನಾನಿದ್ದೇನೆ, ವಾರಕ್ಕೆ ಎರಡು ರಾತ್ರಿ. ಇಶ್ಯೂಗಳಿಗೆ ಉತ್ತರ ಕೊಡೋಕೆ ಇನ್ನಿಬ್ಬರು ಬೇಕು, ಒಬ್ಬರ ಮೇಲೇ ಬೀಳಬಾರದು.

ಕನ್ನಡ_ಕಾವಲು

ದಾಖಲೆಯ ಕನ್ನಡ ನಾನು ತಿದ್ದಿಕೊಡ್ತೇನೆ. ‘ಇದ್ರ’ ಮುಟ್ಟಲ್ಲ, ಮಾತು ಕೊಟ್ಟೆ.

ಬಿದ್ರಿ_ಕುಸುರಿ

ನಾನೂ ಸೇರ್ತೀನಿ. ಈಗಷ್ಟೇ ಟೆಸ್ಟ್ ಓಡಿಸಿ ನೋಡಿದೆ, ಒಂದು ಅನುಮಾನ ಬಂತು. ‘ಮಳೆ = ೬೦’ ಅಂತ ಕನ್ನಡ ಅಂಕಿಯಲ್ಲಿ ಬರೆದರೆ ಮೊಬೈಲ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ತಪ್ಪು ಅಂತಿದೆ. ಪೈಥಾನ್‌ನಲ್ಲಿ ಕೋಟ್ಸ್ ಒಳಗೆ ‘೬೦’ ಕೊಟ್ಟು ಸಂಖ್ಯೆಗೆ ಬದಲಿಸಿದರೆ 60 ಬರುತ್ತೆ, ಆದರೆ ಕೋಡ್‌ನಲ್ಲಿ ನೇರ ಬರೆದರೆ ಅದೂ ಒಪ್ಪಲ್ಲ. ನಮ್ಮದು ಒಪ್ಪಬೇಕಾ?

ತೊಗರಿ_ಹೊಲ

ಒಪ್ಪಬೇಕು. ಇಶ್ಯೂ ಹಾಕಿ, ಇವತ್ತು ರಾತ್ರಿ ನೋಡ್ತೇನೆ.

ಆಳಂದ_ಅಕ್ಕ

ನಾಳೆ ಬೆಳಿಗ್ಗೆ ನೋಡಿ.